ಬಸವಂತರಾಯರ ಹೊಟ್ಟೆ ತುಂಬಿದ ಪಾರಿವಾಳಗಳು

ಭೂಸನೂರಿನ ಒಂದು ಮದುವೆಯಲ್ಲಿ, ಅಯ್ಯನವರ ಮಂತ್ರ ಕೊನೆಗೆ ಬಂದು ಎಲ್ಲರೂ ಕೈಯಲ್ಲಿ ಅಕ್ಕಿಕಾಳು ಹಿಡಿದು ನಿಂತಿದ್ದಾಗ, ಆಳಂದದ ಬಸವಂತರಾಯರು ತಮ್ಮ ಪಾಲಿನ ಕಾಳನ್ನು ಮದುಮಕ್ಕಳ ಮೇಲೆ ಎರಚಿ, ಗಂಟಲು ಬಿಚ್ಚಿ "ಆವ್! ಆವ್! ಆವ್!" ಎಂದು ಕೂಗಿಬಿಟ್ಟರು.

ಅದು 'ಬಾ, ಬಾ' ಎಂದು ಪಾರಿವಾಳ ಕರೆಯುವ ಕೂಗು. ಹುಡುಗುತನದಿಂದ ದಿನಕ್ಕೆರಡು ಸಲ ಮಾಳಿಗೆ ಹತ್ತಿ, ಜೋಳ ಎರಚಿ, ಹಾಗೆ ಕೂಗಿ ರೂಢಿಯಾದ ಗಂಟಲು. ಕೈ ಕಾಳು ಬಿಟ್ಟೊಡನೆ ಬಾಯಿ ತನ್ನ ಕೆಲಸ ತಾನು ಮಾಡಿತು. ಪಾರಿವಾಳ ಒಂದೂ ಬರಲಿಲ್ಲ. ಆದರೆ ಹಂದರದ ಹಿಂದಿನ ಸಾಲಿನಲ್ಲಿ, ಮಂತ್ರ ಕೇಳಿಸದೆ ಬರೀ ಹೊಟ್ಟೆಯ ಸದ್ದು ಕೇಳಿಸಿಕೊಳ್ಳುತ್ತ ಕುಳಿತಿದ್ದ ಬೀಗರ ಕಡೆಯವರು ಊಟಕ್ಕೇ ಕರೆದರೆಂದು ಎದ್ದರು. ಅವರನ್ನು ನೋಡಿ ನಡುವಿನ ಸಾಲು ಎದ್ದಿತು. ಅಯ್ಯನವರು ಕಣ್ಣು ತೆರೆದಾಗ ಎದುರಿಗೆ ಉಳಿದಿದ್ದವರು ಮದುಮಗ, ಮದುಮಗಳು ಮತ್ತು ಎತ್ತಿದ ಕೈ ಇಳಿಸಲು ಮರೆತ ಬಸವಂತರಾಯರು.

ಹಿಂತಿರುಗುವಾಗ ಚಕ್ಕಡಿಯಲ್ಲಿ ಅವರ ಹೆಂಡತಿ ಸುಭದ್ರಾಬಾಯಿ ಎರಡು ಹರದಾರಿ ಮಾತಾಡಲಿಲ್ಲ. ಮೂರನೆಯದಕ್ಕೆ ಬಾಯಿ ಬಿಟ್ಟರು.

"ಇನ್ನ ಮ್ಯಾಲ ಮದಿವಿಗೆ ಹೋಗೂದಾದ್ರ ನಿಮ್ಮ ಬಾಯಿಗೆ ರುಮಾಲ ಬಿಗದೇ ಕರಕೊಂಡು ಹೋಗ್ತೇನಿ."

"ಬಾಯಿ ಬಿಗದ್ರ ಊಟ ಹ್ಯಾಂಗ ಮಾಡ್ಲಿ?" ಎಂದರು ರಾಯರು, ನಿಜವಾದ ಕಳವಳದಿಂದ.

ಈ ಮಾತಿನಲ್ಲಿಯೇ ಬಸವಂತರಾಯರ ಸಂಪೂರ್ಣ ಚರಿತ್ರೆ ಇದೆ. ಕೂಗು ಅಪ್ಪನಿಂದ ಬಂದದ್ದು. ಊಟದ ಚಿಂತೆ ಅವ್ವನಿಂದ. ಅಪ್ಪ-ಅವ್ವ ಬಿಟ್ಟುಹೋದ ಆಸ್ತಿಯಲ್ಲಿ ಅಣ್ಣತಮ್ಮಂದಿರು ಪಾಲು ತೆಗೆದುಕೊಂಡರು. ಆಸಕ್ತಿಯಲ್ಲಿ ಮಾತ್ರ ಒಬ್ಬರೂ ಪಾಲು ಕೇಳಲಿಲ್ಲ. ಅದು ಇಡಿಯಾಗಿ ಇವರ ತಲೆಗೇ ಬಂತು.

ಅಪ್ಪ ದೌಲತರಾಯರು ಯಾವುದೋ ಹೊಲದ ತಕರಾರಿಗೆಂದು ಹೈದರಾಬಾದಿಗೆ ಹೋಗಿ, ಆರು ತಿಂಗಳು ಅಲ್ಲಿನ ಮಾಳಿಗೆಗಳನ್ನು ನೋಡಿ, ಹೊಲ ಕಳೆದುಕೊಂಡು ಒಂದು ಜೋಡಿ ಪಾರಿವಾಳ ಹಿಡಿದುಕೊಂಡು ಬಂದವರು. ಹೊಲ ಹಾರಿಹೋದ ದುಃಖಕ್ಕೆ ಹಾರುವುದನ್ನೇ ತಂದರು ಎಂದು ಊರು ಆಡಿಕೊಂಡಿತು. ಆ ಜೋಡಿ ಎರಡಾಗಿ, ಹತ್ತಾಗಿ, ಅರವತ್ತಾಗಿ, ಪಾರಿವಾಳವೇ ಅವರ ಪರಿವಾರವಾಯಿತು. ಮಾಳಿಗೆಯ ಮೇಲೆ ಅವರ ಕಾನೂನು ಒಂದೇ: ಹಸಿವು. ಹಾರಿಸುವ ಮುಂಚೆ ಹಕ್ಕಿಯ ಹೊಟ್ಟೆ ಖಾಲಿ ಇರಬೇಕು. ಖಾಲಿ ಹೊಟ್ಟೆಯ ಹಕ್ಕಿ ಹಗುರಾಗಿ ಏರುತ್ತದೆ, ಕೂಗಿದೊಡನೆ ಕಲ್ಲು ಬಿದ್ದಂತೆ ಇಳಿಯುತ್ತದೆ. ಪಂದ್ಯದ ಮುಂಚೆ ಎರಡು ದಿನ ಅವಕ್ಕೆ ನೀರು ಮಾತ್ರ. ಅರವತ್ತು ಜೊತೆ ಕೆಂಪು ಕಣ್ಣು ತಮ್ಮನ್ನೇ ನೋಡುತ್ತಿದ್ದರೂ ದೌಲತರಾಯರು ಅವುಗಳೆದುರೇ ಎಲೆಯಡಿಕೆ ಅಗಿಯುತ್ತ ಕೂಡಬಲ್ಲವರಾಗಿದ್ದರು.

ಅದೇ ಮಾಳಿಗೆಯ ಕೆಳಗೆ ಅವ್ವ ಗಂಗಾಬಾಯಿಯವರ ರಾಜ್ಯ. ಮನೆ ಗುಲಬರ್ಗಾ ದಾರಿಯ ಮೇಲಿತ್ತು. ದಾರಿಯಲ್ಲಿ ನಡೆಯುವ ಯಾವ ಮನುಷ್ಯನೂ ಅವರ ಪಡಸಾಲೆ ದಾಟಿ ಹಸಿದು ಹೋಗುವಂತಿರಲಿಲ್ಲ. ಅಫಜಲಪುರದಿಂದ ಬಂದ ಕುಂಬಾರ, ಜೇವರ್ಗಿಗೆ ಹೊರಟ ಜಂಗಮ, ದಾರಿ ತಪ್ಪಿದ ಸರಕಾರಿ ಪ್ಯಾದೆ, ಎಲ್ಲರಿಗೂ ರೊಟ್ಟಿ, ಪುಂಡಿಪಲ್ಯ, ಮೇಲೊಂದು ಮುದ್ದೆ ಬೆಣ್ಣೆ. ಜನ ಇದನ್ನು ದಾಸೋಹ ಎಂದು ಹೊಗಳಿದರೆ ಗಂಗಾಬಾಯಿಗೆ ಸಿಟ್ಟು ಬರುತ್ತಿತ್ತು. "ಪುಣ್ಯ ಯಾರಿಗೆ ಬೇಕಾಗೇದ? ಮೊದಲ್ನೇ ತುತ್ತು ಬಾಯಿಗೆ ಹಾಕ್ಕೊಂಡಾಗ ಮಂದಿ ಮಾರಿ ಹ್ಯಾಂಗ ಆಗ್ತದ, ಅದನ್ನ ನೋಡೂದು ನನಗ ಚಟ," ಎನ್ನುತ್ತಿದ್ದರು. ಅವರ ಕೈ ಸಣ್ಣದಾಗಿ ಬಡಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಹೀಗೆ ಮೇಲೆ ಉಪವಾಸ, ಕೆಳಗೆ ಪಾರಣೆ. ನಡುವಿನ ಏಣಿಯ ಮೇಲೆ ಬಸವಂತರಾಯರು ಬೆಳೆದರು. ಅಪ್ಪನಿಗೆ ಗೊತ್ತಿಲ್ಲದಂತೆ ಅಂಗಿಯ ಕಿಸೆಯಲ್ಲಿ ರೊಟ್ಟಿಯ ಪುಡಿ ತುಂಬಿಕೊಂಡು ಮೇಲೆ ಹತ್ತುತ್ತಿದ್ದರೆಂದೂ, ಅದರಿಂದಾಗಿ ದೌಲತರಾಯರು ಎರಡು ಪಂದ್ಯ ಸೋತರೆಂದೂ ಒಂದು ಸುದ್ದಿ ಇದೆ.

ಪಂದ್ಯ ಇರುತ್ತಿದ್ದದ್ದು ಎರಡು ಓಣಿ ಆಚೆಯ ಜಹೀರುದ್ದೀನರೊಂದಿಗೆ. ಅವರು ಟಾಂಗಾ ಹೊಡೆಯುತ್ತಿದ್ದರು. ಆದರೆ ಅವರ ಲಕ್ಷ್ಯ ಕುದುರೆಗಿಂತ ಮುಗಿಲ ಕಡೆಗೇ ಹೆಚ್ಚು ಇದ್ದುದರಿಂದ ಟಾಂಗಾ ಹತ್ತುವವರು ಜೀವದ ಆಸೆ ಕಡಿಮೆ ಇದ್ದವರೇ. ಆಟ ಸರಳ. ಇಬ್ಬರೂ ಒಂದೇ ಹೊತ್ತಿಗೆ ಇಪ್ಪತ್ತಿಪ್ಪತ್ತು ಹಕ್ಕಿ ಬಿಡಬೇಕು. ಮೇಲೆ ಎರಡೂ ಹಿಂಡು ಕಲೆಯುತ್ತವೆ. ಆಮೇಲೆ ಇಬ್ಬರೂ ತಂತಮ್ಮ ಮಾಳಿಗೆಯ ಮೇಲೆ ಕಾಳು ಎರಚಿ ಕೂಗಬೇಕು. ಯಾರ ಮಾಳಿಗೆಗೆ ಇಳಿದು ಯಾರ ಕೈಗೆ ಸಿಕ್ಕಿತೋ, ಹಕ್ಕಿ ಅವರದು. ವರ್ಷಕ್ಕೊಂದು ಸಲ, ಜೋಳದ ರಾಶಿ ಮುಗಿದ ಮೇಲೆ, ಇಪ್ಪತ್ತೆರಡು ವರ್ಷ ಇಬ್ಬರೂ ಹೀಗೆ ಒಬ್ಬರ ಹಕ್ಕಿ ಒಬ್ಬರು ಕಸಿದುಕೊಂಡು ಸುಖವಾಗಿದ್ದರು.

೧೯೩೬ರಲ್ಲಿ ದೌಲತರಾಯರು ಹಾಸಿಗೆ ಹಿಡಿದರು. ಹೈದರಾಬಾದಿನ ಆ ಮೊದಲ ಜೋಡಿಯ ವಂಶದಲ್ಲಿ ಆಗ ಉಳಿದಿದ್ದದ್ದು ಒಂದೇ ಹೆಣ್ಣು: ಹೊಗೆಯ ಬಣ್ಣ, ನೀಲಿ ಕೊರಳು, ಹೆಸರು ಮಲಿಕಾ. ಹೊಲ, ಮನೆ, ಹೆಂಡತಿ ಇವುಗಳ ವಿಷಯ ಏನೂ ಹೇಳದೆ ಅವರು ಮಗನಿಗೆ ಹೇಳಿದ್ದು ಇಷ್ಟು: "ಮಲಿಕಾ ಜಹೀರನ ಕೈಗೆ ಸಿಗಬಾರ್ದು ನೋಡು." ಮೂರು ವರ್ಷಕ್ಕೆ ಗಂಗಾಬಾಯಿಯೂ ಹೋದರು. ಅವರು ಕೊನೆಗೆ ಕೇಳಿದ್ದು, "ಹೊರಗ ಯಾರೋ ಕುಂತಾರಲ್ಲ, ಅವರದು ಊಟ ಆತೇನು?"

ಮಲಿಕಾ ಸಿಗಬಾರದೆಂದರೆ ಹಾರಿಸದೆ ಇರುವುದೇ ಕ್ಷೇಮ. ನಾಲ್ಕು ವರ್ಷ ಬಸವಂತರಾಯರು ನೆವ ಹೇಳಿದರು. ಒಂದು ವರ್ಷ ಸೂತಕ, ಒಂದು ವರ್ಷ ಕಣ್ಣುಬೇನೆ, ಮತ್ತೊಂದು ವರ್ಷ ಮೋಡ, ಮಗದೊಂದು ವರ್ಷ ಮತ್ತೆ ಸೂತಕ. ಐದನೆಯ ವರ್ಷ ಜಹೀರುದ್ದೀನರೇ ಬಂದು ಪಡಸಾಲೆಯಲ್ಲಿ ಕುಳಿತರು. ಗಡ್ಡ ಪೂರಾ ಬೆಳ್ಳಗಾಗಿತ್ತು.

"ಲೇ ಬಸಂತ, ನಿಮ್ಮಪ್ಪ ಹೋದ ಮ್ಯಾಲ ಈ ಆಸ್ಮಾನದಾಗ ನಾ ಒಬ್ಬನೇ ಉಳದೀನಿ. ಒಬ್ಬನೇ ಆಡೂದು ಎಂಥಾ ಆಟೋ? ಬಾ, ಒಂದು ಸಲ ಬಿಡು. ಮಲಿಕಾನ್ನೂ ಬಿಡು. ಆಕಿ ಇಲ್ಲದ ಹಿಂಡು ಹಿಂಡಲ್ಲ."

"ಸಿಕ್ಕಳಂದ್ರ ಇಟ್ಕೋತೀರೇನು, ಕಾಕಾ?"

"ಮತ್ತ? ಬಿಟ್ಟುಕೊಟ್ರ ನಿಮ್ಮಪ್ಪನ ಆತ್ಮ ನನ್ನ ಉಗಳತದ."

ಮುದುಕನ ಮುಖ ನೋಡಿ ರಾಯರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಒಪ್ಪಿದರು. ಒಪ್ಪಿದ ಮೇಲೆ ಉಪವಾಸದ ಪ್ರಶ್ನೆ ಬಂತು.

ಬಸವಂತರಾಯರ ಕೈಗೆ ಬಂದ ಮೇಲೆ ಪಾರಿವಾಳಗಳು ಉಪವಾಸ ಎಂಬುದನ್ನು ಕಂಡಿರಲೇ ಇಲ್ಲ. ದಿನಕ್ಕೆರಡು ಹೊತ್ತು ಜೋಳ, ನಡುವೆ ಹುರಿದ ಸಜ್ಜೆ, ಅಮಾವಾಸ್ಯೆಗೆ ಹೋಳಿಗೆಯ ಚೂರು. ತಹಸೀಲ ಕಚೇರಿಯ ಪೇಶಕಾರರಂತೆ ಕುತ್ತಿಗೆ ಒಳಗೆ ಎಳೆದುಕೊಂಡು ಕೂತಿರುತ್ತಿದ್ದವು. ಹಾರಿ ಎಂದರೆ ನಡೆಯುತ್ತಿದ್ದವು. ಇನ್ನೆರಡು ದಿನ ಏನೂ ಹಾಕಬಾರದು, ಹಾಕಿದರೆ ಮಲಿಕಾ ಕೂಗಿಗೆ ಇಳಿಯುವುದಿಲ್ಲ, ಕೈ ತಪ್ಪುತ್ತಾಳೆ. ರಾಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಣಜದ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು.

"ನಾ ಬೇಡಿದ್ರೂ ಕೊಡಬ್ಯಾಡ. ಕಾಲಿಗೆ ಬಿದ್ರೂ ಕೊಡಬ್ಯಾಡ."

"ಕಾಲಿಗೆ ಬೀಳ್ರಿ, ಒಂದು ಸಲ ನೋಡೂಣು," ಎಂದರು ಸುಭದ್ರಾಬಾಯಿ, ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಳ್ಳುತ್ತ.

ಮೊದಲ ದಿನ ರಾಯರು ಮಾಳಿಗೆ ಹತ್ತಿ ಬರಿಗೈಯಲ್ಲಿ ಕುಳಿತರು. ಹಕ್ಕಿಗಳು ಸುತ್ತ ನೆರೆದು ಮೊದಲು ಕೈ ನೋಡಿದವು, ಆಮೇಲೆ ಮುಖ. ಮಲಿಕಾ ಬಂದು ತೊಡೆಯ ಮೇಲೆ ಕುಳಿತಳು. ಹೊಟ್ಟೆ ತುಂಬಿಸಿಕೊಂಡು ಹಸಿದವರ ಎದುರು ಕೂಡುವುದು ಸರಿಯಲ್ಲವೆಂದು ರಾಯರು ಮಧ್ಯಾಹ್ನದ ಊಟ ಬಿಟ್ಟರು. ಸಂಜೆ ಸುಭದ್ರಾಬಾಯಿ ಮೇಲೆ ಬಂದು ನೋಡಿದರೆ, ಗಂಡ ಮತ್ತು ಹಕ್ಕಿಗಳು ಒಂದೇ ಬಗೆಯ ಮುಖ ಮಾಡಿಕೊಂಡು ಕುಳಿತಿದ್ದವು.

"ಹಕ್ಕಿ ಉಪಾಸ ಕೆಡವ್ರಿ ಅಂದ್ರ ನೀವೂ ಉಪಾಸ ಬಿದ್ದೀರೇನು? ನಾಳಿ ಮುಗಿಲಿಗೆ ಹಾರಾವ್ರು ನೀವೇನ್ರಿ?" ಎಂದು ಗದರಿ, ಒತ್ತಾಯ ಮಾಡಿ ಎರಡು ರೊಟ್ಟಿ ತಟ್ಟೆಗೆ ಹಾಕಿ ಮೇಲೆ ಕಳಿಸಿದರು. ಅಲ್ಲಿಗೆ ಉಪವಾಸ ಮುಗಿಯಿತು. ಮರುದಿನ ಬೆಳಿಗ್ಗೆ ಐದು ರೊಟ್ಟಿ ಕೇಳಿದರು, ಮಧ್ಯಾಹ್ನ ಎಂಟು. ಇಷ್ಟು ರೊಟ್ಟಿ ತಿಂದೂ ಗಂಡನ ಹೊಟ್ಟೆ ಬೆನ್ನಿಗೆ ಹತ್ತಿರುವುದು ಸುಭದ್ರಾಬಾಯಿಗೆ ಕಂಡಿತು. ಕಂಡೂ ಸುಮ್ಮನಿದ್ದು ಒಂಬತ್ತನೆಯದನ್ನು ಬಡಿದರು. ಆ ಮನೆಯ ಅಡುಗೆಮನೆಗೇ ಆ ಗುಣ ಇತ್ತು ಎಂದು ಕಾಣುತ್ತದೆ.

ಪಂದ್ಯದ ದಿನ ಬೇವಿನ ಕಟ್ಟೆಯ ಮೇಲೆ ಅರ್ಧ ಪೇಟೆ ನೆರೆದಿತ್ತು. ನಡುವೆ ಗೌಂಡಿ ಮಲ್ಕಪ್ಪ. ರಾಯರ ಮಾಳಿಗೆ ಸೋರಿದಾಗಲೆಲ್ಲ ಮಣ್ಣು ಹಾಕಿ ಬಡಿದು ಸರಿ ಮಾಡುತ್ತಿದ್ದವನು ಅವನೇ ಆದ್ದರಿಂದ, ಅಲ್ಲಿ ನಡೆಯುವುದನ್ನು ಕೆಳಗಿನಿಂದಲೇ ವರದಿ ಮಾಡುವ ಹಕ್ಕು ತನ್ನದೆಂದು ಅವನು ತಿಳಿದಿದ್ದ.

"ಬಿಟ್ರು! ಜಹೀರಮಿಯಾಂದು ಬಾಣ ಹೋದಂಗ ಹೋದ್ವು! ರಾಯರದು... ರಾಯರದು ಇನ್ನಾ ವಿಚಾರ ಮಾಡಾಕತ್ತಾವ."

ಕೋಲಿನಿಂದ ಬೆದರಿಸಿದ ಮೇಲೆ ರಾಯರ ಇಪ್ಪತ್ತೂ ಭಾರವಾಗಿ ಎದ್ದವು. ಒಂದು ಸುತ್ತು ಹಾಕಿದವು. ಎರಡನೆಯ ಸುತ್ತಿನ ಅರ್ಧಕ್ಕೆ ಹತ್ತೊಂಬತ್ತು ಸಾಲಾಗಿ ಕಚೇರಿಯ ಮಾಡಿನ ಮೇಲೆ ಕುಳಿತು ರೊಟ್ಟಿ ಅರಗಿಸತೊಡಗಿದವು. ಮಲಿಕಾ ಒಬ್ಬಳೇ ಜಹೀರುದ್ದೀನರ ಹಿಂಡಿನೊಂದಿಗೆ ಏರಿದಳು.

ಎರಡೂ ಮಾಳಿಗೆಯಿಂದ ಕೂಗು ಎದ್ದಿತು. ಜಹೀರುದ್ದೀನರು ಪಾರಿವಾಳದವರ ಪದ್ಧತಿಯಂತೆ ಚಿಟಿಕೆಯಲ್ಲಿ ಕಾಳು ತೋರಿಸಿದರು. ಬಸವಂತರಾಯರಿಗೆ ಚಿಟಿಕೆ ಗೊತ್ತಿರಲಿಲ್ಲ. ಅವರು ಅವ್ವನ ಮಗನಾಗಿ, ಪಂದ್ಯಕ್ಕೆಂದು ಕಣಜದಿಂದ ತೆಗೆಸಿದ್ದ ಬುಟ್ಟಿ ತುಂಬ ಜೋಳ ಎತ್ತಿ ಮಾಳಿಗೆಯ ಮೇಲೆ ಸುರಿದರು. ಎರಡು ದಿನದಿಂದ ನೀರು ಕುಡಿದುಕೊಂಡಿದ್ದ ಜಹೀರುದ್ದೀನರ ಹಕ್ಕಿಗಳು ಮುಗಿಲಿನಿಂದ ಆ ರಾಶಿ ಕಂಡವು. ಒಡೆಯ, ಓಣಿ, ಇಪ್ಪತ್ತೆರಡು ವರ್ಷದ ಮಾನ ಎಲ್ಲವನ್ನೂ ಮರೆತು ಒಟ್ಟಾಗಿ ರಾಯರ ಮಾಳಿಗೆಗೆ ಬಿದ್ದವು. ಮಲ್ಕಪ್ಪ ಎಣಿಸಿದ: ಹತ್ತೊಂಬತ್ತು. ಒಂದು ಮಾತ್ರ ಒಡೆಯನ ಚಿಟಿಕೆಗೇ ಇಳಿದಿತ್ತು.

ಮಲಿಕಾಗೆ ಹಸಿವಿರಲಿಲ್ಲ. ಯಾರ ಕಾಳೂ ಬೇಕಿರಲಿಲ್ಲ. ನಿಧಾನವಾಗಿ ಸುತ್ತಿ, ಹೊಸ ಜಾಗ ನೋಡುವ ಮನಸ್ಸಾಗಿ, ಜಹೀರುದ್ದೀನರ ಮಾಳಿಗೆಯ ಗೋಡೆಯ ಮೇಲೆ ಕುಳಿತಳು. ಮುದುಕ ಮೆಲ್ಲಗೆ ಕೈ ಚಾಚಿ ಹಿಡಿದುಕೊಂಡರು.

ಇತ್ತ ಕಟ್ಟೆಯ ಮೇಲಿನವರಿಗೆ ಕಂಡದ್ದು ಇದು: ಹತ್ತೊಂಬತ್ತು ಹಕ್ಕಿ ತಿನ್ನುವ ತನಕ ರಾಯರು ಅಲುಗದೆ ನಿಂತಿದ್ದರು. ತಿಂದು ಮುಗಿದ ಮೇಲೆ ಬಗ್ಗಿದರು. ಎರಡೂ ಕೈ ಅಗಲವಾಗಿ ಚಾಚಿದರು. ಹತ್ತೊಂಬತ್ತೂ ಒಮ್ಮೆಲೇ ಮೇಲೆದ್ದು, ತಮ್ಮ ಮನೆಯ ಕಡೆಗೆ ಹೊರಟುಹೋದವು.

"ಬಿಟ್ರು!" ಮಲ್ಕಪ್ಪನ ದನಿ ಒಡೆಯಿತು. "ಉಣಿಸಿ ಕಳಿಸಿದ್ರಪ್ಪೋ! ಗೆದ್ದ ಹಕ್ಕಿ ಉಣಿಸಿ ಕಳಿಸಿದ್ರು! ಗಂಗಾಬಾಯವ್ವನ ಮಗಾ ನೋಡ್ರಿ, ಆಕಿನೇ ಬಂದಂಗಾತು!"

ಪೇಟೆಯ ತುಂಬ ಇದೇ ಮಾತಾಯಿತು. ಕೆಲವರು ಕಣ್ಣು ಒರೆಸಿಕೊಂಡರು. ರಾಯರು ಮಾತ್ರ ಮಾಳಿಗೆಯಿಂದ ಇಳಿಯಲಿಲ್ಲ. ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕುಳಿತು ಜಹೀರುದ್ದೀನರ ಓಣಿಯ ಕಡೆ ನೋಡುತ್ತಿದ್ದರು. ಅಪ್ಪ ಹೇಳಿಹೋದದ್ದು ಒಂದೇ ಮಾತು, ಅದೊಂದನ್ನೂ ಉಳಿಸಿಕೊಳ್ಳಲಾಗಲಿಲ್ಲ.

ಸಂಜೆ ದೀಪ ಹಚ್ಚುವ ಮುಂಚೆ ಜಹೀರುದ್ದೀನರು ಬಂದರು. ಶಾಲಿನೊಳಗೆ ಮಲಿಕಾ ಇದ್ದಳು. ಹಿಂದೆ ಮಲ್ಕಪ್ಪ, ಅವನ ಹಿಂದೆ ಕಟ್ಟೆಯ ಮಂದಿ. ಸುಭದ್ರಾಬಾಯಿ ಕೇಳದೆಯೇ ತಾಟು ಇಟ್ಟು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಮುದುಕ ಒಂದು ತುತ್ತು ತಿಂದು, ಶಾಲು ಸರಿಸಿ ಮಲಿಕಾಳನ್ನು ರಾಯರ ಕೈಯಲ್ಲಿಟ್ಟರು.

"ತಗೋ. ನಿಂದು ನಿನಗ. ಹತ್ತೊಂಬತ್ತು ಬಿಟ್ಟವನದು ಒಂದನ್ನ ಇಟ್ಕೊಂಡು ಯಾವ ಮಾರಿ ಹೊತ್ತು ತಿರಗ್ಲಿ?"

ರಾಯರು ಹಕ್ಕಿಯನ್ನು ಎದೆಗೊತ್ತಿಕೊಂಡರು. ತಲೆ ತಗ್ಗಿಸಿ ಅದರ ಕೊರಳು ಸವರಿದರು. ಅದನ್ನು ಎಲ್ಲರೂ ವಿನಯವೆಂದು ತಿಳಿದರು.

"ಒಂದು ಮಾತು ಕೇಳ್ತೇನಿ ಬೇಟಾ, ಖರೇ ಹೇಳು," ಎಂದರು ಜಹೀರುದ್ದೀನರು. "ನಿಮ್ಮಪ್ಪ ಇದ್ದಿದ್ರ ಒಂದು ಹಕ್ಕೀನೂ ಬಿಡತಿದ್ದಿಲ್ಲ. ನೀ ಹತ್ತೊಂಬತ್ತು ಬಿಟ್ಟಿ. ಬಿಡೂಮುಂದ ನಿನ್ನ ಮನಸಿನ್ಯಾಗ ಯಾರು ಬಂದ್ರು? ನಿಮ್ಮವ್ವ?"

ಮಲ್ಕಪ್ಪ ಕಣ್ಣು ಒರೆಸಿಕೊಳ್ಳಲು ಟವೆಲಿನ ತುದಿ ಹಿಡಿದು ಸಿದ್ಧನಾಗಿ ನಿಂತ. ಬಸವಂತರಾಯರು ಮಲಿಕಾಳನ್ನು ನೋಡಿದರು, ಮುದುಕನ ಮುಖ ನೋಡಿದರು, ಇನ್ನೊಮ್ಮೆ ಮಲಿಕಾಳನ್ನು ನೋಡಿದರು.

"ಎಲ್ಲಿ ಬಿಟ್ಟೆ, ಕಾಕಾ? ನಾ ಹಿಡಿಯಾಕ ಹೋಗಿದ್ದೆ. ಹೊಟ್ಟಿ ತುಂಬಿತ್ತು ನೋಡ್ರಿ ಅವುಕ, ಒಂದೂ ಸಿಗಲಿಲ್ಲ."