ನಮ್ಮ ಮನೆಯ ಪಾಳಿ

ಆ ಕಾಲದಲ್ಲಿ ಊರಿನ ಕೆಲಸಕ್ಕೆ ಕೂಲಿ ಅಂತ ಇರಲಿಲ್ಲ. ತಮಟೆ ಬಡಿದು ‘ಮನೆಗೊಂದಾಳೋ’ ಎಂದು ಕೂಗಿದರೆ ಸಾಕು, ಬೆಳಗಾಗುತ್ತಲೇ ಪ್ರತಿ ಮನೆಯಿಂದ ಒಬ್ಬರು ಗುದ್ದಲಿಯೋ ಮಂಕರಿಯೋ ಹಿಡಿದು ಹೊರಡುತ್ತಿದ್ದರು. ಕಾಲುವೆಯ ಗಿಡ ಸವರುವುದು, ಬಾವಿಯ ಹೂಳು ಎತ್ತುವುದು, ಹೆಣಕ್ಕೆ ಗುಂಡಿ ತೆಗೆಯುವುದು, ಯಾವುದಾದರೂ ಅಷ್ಟೇ. ನಿಮ್ಮೂರುಗಳಲ್ಲೂ ಹಾಗೇ ಇದ್ದಿರಬೇಕು, ನೆನಪು ಮಾಡಿಕೊಳ್ಳಿ.

ಹೋದ ಭಾನುವಾರದಿಂದ ನನಗೆ ಇದೇ ಯೋಚನೆ. ನನ್ನ ಮೊಮ್ಮಗಳು ಸಿಂಧು ಕೋಲಾರದಲ್ಲಿ ಓದುತ್ತಾಳೆ. ಅವಳೂ ಅವಳ ಜೊತೆಯ ಏಳೆಂಟು ಹುಡುಗ ಹುಡುಗಿಯರೂ ರಜೆ ಬಂತೆಂದರೆ ಹಳ್ಳಿ ಹಳ್ಳಿ ಸುತ್ತಿ, ನೀರು ಬತ್ತಿ ಬಿಟ್ಟುಹೋದ ಬೋರ್‌ವೆಲ್‌ಗಳ ಬಾಯಿಗೆ ಕಲ್ಲುಚಪ್ಪಡಿ ಮುಚ್ಚುತ್ತಾರೆ, ಮಕ್ಕಳು ಬೀಳಬಾರದು ಅಂತ. ಯಾರೂ ಹೇಳಿ ಮಾಡಿಸಿದ್ದಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಭಾನುವಾರ ನಮ್ಮ ಯಲ್ದೂರಿನ ಕಡೆಗೇ ಬಂದಿದ್ದರು. ಮೈಯೆಲ್ಲ ಕೆಂಪು ಮಣ್ಣು ಮಾಡಿಕೊಂಡು ನಗುತ್ತಾ ಬಾಗಿಲಿಗೆ ಬಂದ ಆ ಮಗುವನ್ನು ನೋಡಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ! ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಎದುರು ಮನೆಗೆ ಹೇಳಿದೆ, ಡೈರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದೆ, ಹೇಳಿದವರಿಗೇ ಮತ್ತೆ ಹೇಳಿದೆ. ಹೇಳಿ ಮುಗಿಯದೆ ಈಗ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಕಾಗುಣಿತ ತಪ್ಪಿದರೆ ಸಿಂಧು ತಿದ್ದುತ್ತಾಳೆ.

ಆದರೆ ಬರೆಯಬೇಕಾದದ್ದು ಸಂತೋಷದ ವಿಷಯವಲ್ಲ. ಆ ಮಕ್ಕಳು ಬೋರಿನ ಬಾಯಿಗೆ ಚಪ್ಪಡಿ ಎಳೆಯುವುದನ್ನು ನೋಡುತ್ತಾ ನಿಂತಾಗ ನನಗೆ ಒಂದು ಬಾವಿ ನೆನಪಾಯಿತು.

ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಮಾವಿನ ಕಾಲ. ಮನೆ ಮನೆಯಲ್ಲೂ ಹುಲ್ಲು ಹಾಸಿ ಕಾಯಿ ಹಣ್ಣಾಗಲು ಅಡೆ ಹಾಕಿರುತ್ತಿದ್ದರು. ಬಾಗಿಲು ತೆಗೆದರೆ ಬೆಚ್ಚಗಿನ ಹುಲ್ಲಿನ ವಾಸನೆ, ಅದರ ಜೊತೆಗೆ ಹಣ್ಣಿನ ವಾಸನೆ. ನಮ್ಮ ತುಟಿಯ ಸುತ್ತ ಸೊನೆ ಸುಟ್ಟ ಗಾಯ ಮಾಯುತ್ತಲೇ ಇರಲಿಲ್ಲ. ಕುಂಟೆಬಿಲ್ಲೆ ಆಡಿ ದಣಿದು ಸಾಯಂಕಾಲ ಪಕ್ಕದ ಮನೆಯ ಗಂಗುಲಪ್ಪ ಮಾವನ ಜಗಲಿಗೆ ಹೋದರೆ, ಅವನು ಕಾಯಿ ಆರಿಸುತ್ತಾ ಕತೆ ಹೇಳುತ್ತಿದ್ದ. ನನ್ನ ತಾಯಿ ಅವನನ್ನು ಅಣ್ಣ ಅನ್ನುತ್ತಿದ್ದರಿಂದ ನನಗೆ ಮಾವ. ಅವನಿಗೆ ಮಕ್ಕಳಿರಲಿಲ್ಲ. ಕತೆ ಕೇಳುವವರು ಹೂಂಗುಟ್ಟಬೇಕು ಅಂತ ಅವನದೊಂದು ಕಟ್ಟುನಿಟ್ಟು. ಹೂಂ ನಿಂತರೆ ಕತೆಯೂ ನಿಂತಿತು. “ನೀವು ಹೂಂ ಅನ್ದಿದ್ರೆ ನಾನೇನು ಗೋಡೆಗೆ ಹೇಳ್ಲೇನ್ರಮ್ಮಿ?” ಅನ್ನುತ್ತಿದ್ದ.

ಆ ವರ್ಷ ಊರಿನ ಕುಡಿಯುವ ನೀರಿನ ಬಾವಿ ತಳ ಕಂಡಿತ್ತು. ಹೂಳೆತ್ತಲು ತಮಟೆ ಸಾರಿದರು. ನಮ್ಮಪ್ಪ ಗಾಡಿ ತುಂಬ ಮಾವಿನಕಾಯಿ ಹೇರಿಕೊಂಡು ಶ್ರೀನಿವಾಸಪುರದ ಮಂಡಿಗೆ ಹೋಗಿದ್ದರು, ಬರುವುದು ಮಾರನೆಯ ದಿನ. ಅಮ್ಮ ಹಸಿ ಬಾಣಂತಿ. ನಮ್ಮ ಮನೆಯಿಂದ ಹೋಗುವ ಆಳೇ ಇಲ್ಲ. ಅಮ್ಮ ಬಾಗಿಲಲ್ಲಿ ನಿಂತು ಪೇಚಾಡುತ್ತಿದ್ದರೆ ಗಂಗುಲಪ್ಪ ಮಾವ ಗುದ್ದಲಿ ಹೆಗಲಿಗಿಟ್ಟುಕೊಂಡು ಬಂದ.

“ಬೆಳಿಗ್ಗೆ ನಮ್ಮನೆ ಪಾಳಿ, ಮಧ್ಯಾಹ್ನ ನಿಮ್ಮನೆ ಪಾಳಿ. ಎರಡಕ್ಕೂ ನಾನೇ ಇಳೀತೀನಿ ಬಿಡಮ್ಮ.”

“ಬ್ಯಾಡಣ್ಣ, ನಾಳೆ ಅವರು ಬಂದು ಮಾಡ್ತಾರೆ.”

“ನಾಳೆವರೆಗೂ ಬಾವಿ ಕಾಯುತ್ತಾ? ಸಾಯಂಕಾಲಕ್ಕೆ ಒಂದು ಮುದ್ದೆ ಜಾಸ್ತಿ ತೊಳಸು, ಅಷ್ಟೇ.”

ಮಧ್ಯಾಹ್ನ ಹೊಂಗೆ ಮರದ ನೆರಳಲ್ಲಿ ಎಲ್ಲರೂ ಉಂಡರು. ಒಂದೊಂದು ಮನೆಯಿಂದ ಒಂದೊಂದು ಸಾರು. ಮಾವಿನಕಾಯಿ ಹಾಕಿದ ಬೇಳೆಸಾರು ನಮ್ಮ ಮನೆಯದು, ನಾನೇ ಹೊತ್ತುಕೊಂಡು ಹೋಗಿದ್ದೆ. ಗಂಗುಲಪ್ಪ ಮಾವ ಎರಡು ಸಲ ಬಡಿಸಿಕೊಂಡ. ಆಮೇಲೆ ನಮ್ಮ ಮನೆಯ ಪಾಳಿಗೆ ಇಳಿದ.

ಬಂಡಿ ಉರುಳಿದಂಥ ಸದ್ದು ಬಂತು. ಬಾವಿಯ ಗೋಡೆಯ ಕಲ್ಲಿನ ಸಂದಿಗಳಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳೆಲ್ಲ ಒಟ್ಟಿಗೇ ಮೇಲಕ್ಕೆ ಹಾರಿದವು, ಅವುಗಳ ಹಿಂದೆ ಧೂಳು. ಬಾವಿಯ ಒಂದು ಕಡೆಯ ಕಟ್ಟು ಕುಸಿದಿತ್ತು. ಒಳಗೆ ಐದು ಜನ ಇದ್ದರು. ನಾಲ್ಕು ಜನ ಹಗ್ಗ ಹಿಡಿದು ಮೇಲೆ ಬಂದರು. ಗಂಗುಲಪ್ಪ ಮಾವ ಬರಲಿಲ್ಲ.

ಎರಡು ದೊಡ್ಡ ಕಲ್ಲುಗಳು ಓರೆಯಾಗಿ ಬಿದ್ದು, ಅವುಗಳ ಹಿಂದಿನ ಸಂದಿಯಲ್ಲಿ ಅವನು ಎದೆಯವರೆಗೆ ಮಣ್ಣಲ್ಲಿ ಸಿಕ್ಕಿಕೊಂಡಿದ್ದ. ದನಿ ಮಾತ್ರ ಬರುತ್ತಿತ್ತು. ಕಲ್ಲು ಕೆಲಸ ಗೊತ್ತಿದ್ದವರು ಊರಲ್ಲಿ ಮುನಿಶಾಮಣ್ಣ ಒಬ್ಬರೇ. ಅವರ ಮನೆಮಾತು ತೆಲುಗು, ಸಿಟ್ಟು ಬಂದರೆ ಕನ್ನಡ ಮರೆಯುತ್ತಿದ್ದರು. ಅವರು ಕೆಳಗಿಳಿದು ನೋಡಿ ಬಂದು, ಒಂದೊಂದೇ ಕಲ್ಲು ಎತ್ತಬೇಕು, ಗಲಾಟೆ ಮಾಡಬಾರದು, ಒಳಗಿರುವವನು ಕಣ್ಣು ಮುಚ್ಚಬಾರದು ಎಂದರು. ಅವನ ಜೊತೆ ಮಾತಾಡುತ್ತಾ ಇರಲು ಒಬ್ಬರು ಬೇಕು. ಗಂಡಸರ ಕೈಯೆಲ್ಲ ಕಲ್ಲಿಗೆ, ಹಗ್ಗಕ್ಕೆ ಬೇಕಿತ್ತು. ಅವನ ಹೆಂಡತಿ ನಾರಾಯಣಮ್ಮತ್ತೆಗೆ ಅಳು ಬಿಟ್ಟು ಬೇರೆ ದನಿ ಹೊರಡುತ್ತಿರಲಿಲ್ಲ.

“ನಾನು ಮಾತಾಡ್ತೀನಿ,” ಅಂದೆ.

ಯಾಕೆ ಅಂದೆನೋ ಗೊತ್ತಿಲ್ಲ. ಅವನು ಇಳಿದದ್ದು ನಮ್ಮ ಮನೆಯ ಪಾಳಿಗೆ ಅನ್ನುವುದು ಮಾತ್ರ ತಲೆಯಲ್ಲಿತ್ತು. ಮುನಿಶಾಮಣ್ಣ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸೊಂಟಕ್ಕೆ ಹಗ್ಗ ಬಿಗಿದು, ಗೋಡೆಯಿಂದ ಹೊರಗೆ ಚಾಚಿದ್ದ ಕಲ್ಲುಮೆಟ್ಟಿಲ ಮೇಲೆ, ಆ ಸಂದಿಯ ಹತ್ತಿರ ಕೂರಿಸಿದರು. “ಭಯಪಡೊದ್ದು ಪಾಪ, ಹೆದರ್ಬೇಡ. ನಿದ್ದೆ ಮಾತ್ರ ಹೋಗೋಕೆ ಬಿಡಬೇಡ ಅವ್ನನ್ನ,” ಎಂದರು.

“ಮಾವಾ...”

“ಯಾರು, ರತ್ನಮ್ಮೀನಾ? ನೀನ್ಯಾಕೆ ಇಳ್ದೆ ಇಲ್ಲಿ? ಹೋಗು ಮೇಲಕ್ಕೆ.”

“ಮುನಿಶಾಮಣ್ಣ ಕೂತ್ಕೊ ಅಂದ್ರು. ಕತೆ ಹೇಳ್ತೀನಿ, ನೀನು ಹೂಂ ಅನ್ಬೇಕು.”

ಒಳಗಿನಿಂದ ಕೆಮ್ಮೋ ನಗುವೋ ಬಂತು. “ಲೇ ಮುನಿಶಾಮಿ, ನನ್ ಕತೆ ನಂಗೇ ಹೇಳಿಸ್ತೀಯೇನ್ಲಾ?”

“ಬಾಯಿ ಮುಚ್ಕೊಂಡು ಹೂಂ ಅನ್ನೋ. ಉಸ್ರು ಉಳಿಸ್ಕೋ,” ಎಂದು ಮುನಿಶಾಮಣ್ಣ ಹಾರೆಕೋಲು ಹಾಕಿ ಕಲ್ಲು ಮೀಟಿದರು.

ಯಜಮಾನನನ್ನು ಮಾರಲು ಸಂತೆಗೆ ಹೋದ ಕತ್ತೆಯ ಕತೆ ಹೇಳಿದೆ. ಕತ್ತೆ ಯಜಮಾನನ ಕೊರಳಿಗೆ ಹಗ್ಗ ಹಾಕಿಕೊಂಡು ಶ್ರೀನಿವಾಸಪುರದ ಸಂತೆಗೆ ಹೊರಟಿತು. ಹೂಂ. ಮೊದಲು ಬೆಲ್ಲದ ವ್ಯಾಪಾರಿ ಬಂದು ಇವನು ಎಷ್ಟು ಹೊರ್ತಾನೆ ಅಂತ ಕೇಳಿದ.

“ಅಲ್ಲ ಕಣಮ್ಮಿ, ಮೊದಲು ಬಂದಿದ್ದು ಬಳೆಗಾರ.”

“ಹೂಂ, ಬಳೆಗಾರ. ಎಷ್ಟು ಹೊರ್ತಾನೆ ಅಂದ. ಕತ್ತೆ ಹೇಳ್ತು, ಒಂದು ಮೂಟೆನೂ ಹೊರಲ್ಲ ಸ್ವಾಮಿ, ಮುದ್ದೆ ಮಾತ್ರ ಮೂರು ಹೊತ್ತೂ ತಿಂತಾನೆ.”

ಸುತ್ತ ಕಲ್ಲು ಎತ್ತುತ್ತಿದ್ದವರೂ ನಕ್ಕರು. ಹಾಗೆ ನಗುತ್ತಾ, ಬೈದಾಡುತ್ತಾ ಅವನನ್ನು ಮೇಲೆ ತಂದೇಬಿಡುತ್ತಾರೆ ಅಂತ ನನಗೆ ಧೈರ್ಯ ಬಂದಿತ್ತು. ಆದರೆ ಹೂಳು ತೆಗೆದ ಬಾವಿ, ಜಲದ ಕಣ್ಣು ಬಿಟ್ಟುಕೊಂಡಿತ್ತು. ಮೇಲಿನವರು ಒಂದರ ಹಿಂದೆ ಒಂದು ಕೊಡದಲ್ಲಿ ಎಳೆದು ಹಾಕಿದರೂ ನೀರು ಬೆರಳು ಬೆರಳಷ್ಟು ಏರುತ್ತಿತ್ತು.

“ಅಮ್ಮಿ, ನಿಮ್ಮತ್ತೆ ಎಲ್ಲಿ?”

“ಮೇಲವ್ಳೆ.”

“ಅಳ್ತಾವ್ಳಾ?”

“ಇಲ್ಲ ಮಾವ.”

“ಸುಳ್ಳಿ,” ಅಂದ. ಅವನು ಆಡಿದ ಕೊನೆಯ ಮಾತು ಅದೇ.

ಆಮೇಲೆ ಹೂಂ ಮಾತ್ರ. ಅದೂ ತಡವಾಗಿ ಬರತೊಡಗಿತು. ಕತೆ ಮುಗಿದರೆ ಅವನೂ ಮುಗಿಯುತ್ತಾನೆ ಅನ್ನಿಸಿ ನಾನು ಸಂತೆಗೆ ಹೊಸ ಹೊಸ ಗಿರಾಕಿಗಳನ್ನು ಕರೆತಂದೆ. ಕುಂಬಾರ ಬಂದ, ಶಾನುಭೋಗರು ಬಂದರು, ನಮ್ಮ ಸ್ಕೂಲಿನ ಮೇಷ್ಟರೂ ಬಂದರು. ಗಂಟಲು ಒಣಗಿ ಹರಿಯಿತು. ಮುನಿಶಾಮಣ್ಣ ಒಂದೊಂದು ಕಲ್ಲಿಗೂ ನನ್ನ ಕಡೆ ತಿರುಗಿ, “ಅಂದ್ನಾ?” ಅನ್ನುವರು. “ಅಂದ,” ಅನ್ನುತ್ತಿದ್ದೆ. ಅಂದಿದ್ದ.

ಹೊತ್ತು ಮುಳುಗುತ್ತಾ ಬಂತು. ಹಾರಿಹೋಗಿದ್ದ ಪಾರಿವಾಳಗಳು ಒಂದೊಂದೇ ಬಾವಿಯೊಳಕ್ಕೆ ಇಳಿದು ಸಂದಿ ಸೇರಿದವು. ಬಹಳ ಹೊತ್ತು ಬಾರದೇ ಇದ್ದ ಹೂಂ ಆಗ ಮತ್ತೆ ಕೇಳಿಸಿತು. ನನ್ನ ಎದೆ ಉಬ್ಬಿತು. “ಅಂದ! ಅಂದ!” ಎಂದು ಕೂಗಿದೆ. ಮುಂದಿನ ಮಾತು ಹೇಳುವ ಮೊದಲೇ ಇನ್ನೊಂದು ಹೂಂ ಬಂತು. ಹೇಳದ ಮಾತಿಗೆ ಹೂಂ ಹೇಗೆ ಬರುತ್ತೆ? ತಲೆಯೆತ್ತಿ ನೋಡಿದೆ. ನನ್ನ ತಲೆಯಿಂದ ಒಂದು ಗೇಣು ಮೇಲೆ, ಕಲ್ಲಿನ ಸಂದಿಯಲ್ಲಿ, ಪಾರಿವಾಳವೊಂದು ಕತ್ತು ಉಬ್ಬಿಸಿ ಹೂಂಗುಟ್ಟುತ್ತಿತ್ತು.

ಅದೇ ಹೊತ್ತಿಗೆ ಮೇಲಿನಿಂದ ಊರಿನ ಪಟೇಲರು ಕೂಗಿದರು. “ಸಾಕು, ಎಲ್ಲ ಮೇಲಕ್ಕೆ ಬನ್ರಪ್ಪ. ಕಣ್ಣು ಕಾಣಲ್ಲ. ಆ ಕಡೆ ಕಟ್ಟೂ ಕುಸಿದ್ರೆ ಇನ್ನೂ ನಾಕು ಮನೆ ಹಾಳಾಗ್ತವೆ. ಬೆಳಿಗ್ಗೆ ನೋಡೋಣ.”

ಎಲ್ಲರೂ ಕೈ ನಿಲ್ಲಿಸಿದರು. ಮುನಿಶಾಮಣ್ಣ ನನ್ನ ಕಡೆ ತಿರುಗಿದರು.

“ಅಂದ್ನಾ?”

ಮೇಲೆ ಅತ್ತೆಯ ಅಳು ನಿಂತಿತ್ತು. ಇಡೀ ಊರು ನನ್ನ ಬಾಯಿ ನೋಡುತ್ತಿತ್ತು.

“ಅಂದ,” ಅಂದೆ.

“ಇನ್ನೊಂದೇ ಕಲ್ಲು ರಾ, ಪಟ್ಟು,” ಎಂದು ಮುನಿಶಾಮಣ್ಣ ಜೊತೆಯವನನ್ನು ಕರೆದು, ಹಿಡಿ ಅಂದರು. ಆ ಕಲ್ಲು ಜಾರಿತು. ಅವರ ಎಡಗೈಯ ಎರಡು ಬೆರಳು ಅದರ ಅಡಿಗೆ ಸಿಕ್ಕು ಜಜ್ಜಿಹೋದವು. ಪಂಚೆಯ ತುಂಡು ಸುತ್ತಿಕೊಂಡು ಮತ್ತೆ ಮೀಟಿದರು. ಮತ್ತೆ “ಅಂದ್ನಾ?” ಎಂದರು. ಪಾರಿವಾಳ ಹೂಂ ಅನ್ನುತ್ತಿತ್ತು. ನಾನು “ಅಂದ,” ಅನ್ನುತ್ತಿದ್ದೆ.

ಕೊನೆಗೆ ಅವರು ಸಂದಿಯೊಳಗೆ ಕೈ ಹಾಕಿ ಗಂಗುಲಪ್ಪ ಮಾವನ ಕತ್ತು ಮುಟ್ಟಿದರು. ಮುಟ್ಟಿ ಹಾಗೇ ಇದ್ದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ಅವರ ಬೆರಳಿಂದ ರಕ್ತ ನೀರಿಗೆ ತೊಟ್ಟಿಕ್ಕುತ್ತಿತ್ತು. ಮಾವನನ್ನು ಮೇಲೆ ತಂದು ಮಲಗಿಸಿದಾಗ ಮುನಿಶಾಮಣ್ಣ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ್ದು ಇಷ್ಟು: “ಈಗ, ಈಗಷ್ಟೇ ಹೋದ ಕಣಮ್ಮ. ಕೊನೇವರೆಗೂ ಹೂಂ ಅಂತಾನೇ ಇದ್ದ. ಈ ಪಾಪ ಒಂದು ಗಳಿಗೆನೂ ಅವ್ನನ್ನ ಒಂಟಿ ಮಾಡ್ಲಿಲ್ಲ.”

ಅತ್ತೆ ನನ್ನನ್ನು ಅಪ್ಪಿಕೊಂಡು ಅತ್ತಳು. ನಾನು ಮರದ ಕೊರಡಿನ ಹಾಗೆ ನಿಂತಿದ್ದೆ.

ಅಪ್ಪ ಮಾರನೆಯ ಬೆಳಿಗ್ಗೆ ಗಾಡಿ ಹೊಡೆದುಕೊಂಡು ಬಂದರು. ನಮಗೆಂದು ತಂದ ಕಡ್ಲೆಪುರಿಯ ಪೊಟ್ಟಣ ಗಾಡಿಯಲ್ಲೇ ಉಳಿಯಿತು, ಇರುವೆ ತಿಂದವು. ಅಪ್ಪನ ಕೈಗೆ ಗುದ್ದಲಿ ಕೊಟ್ಟರು. ಹೆಣದ ಗುಂಡಿಗೂ ಮನೆಗೊಂದಾಳು ತಾನೇ.

ಮಳೆಗಾಲ ಬಂದ ಮೇಲೆ ಒಂದು ದಿನ ತಡೆಯಲಾರದೆ ಮುನಿಶಾಮಣ್ಣನ ಹತ್ತಿರ ಹೋದೆ. ಅವರು ಉಳಿ ಚೂಪು ಮಾಡುತ್ತಾ ಕೂತಿದ್ದರು. “ಅಣ್ಣಾ, ನಾನು ಸುಳ್ಳು ಹೇಳ್ದೆ. ಪಾರಿವಾಳ...” ಅನ್ನುವಷ್ಟರಲ್ಲಿ ಅವರೇ ಬಾಯಿ ಹಾಕಿದರು.

“ಗೊತ್ತಮ್ಮ. ಮುಟ್ಟಿದಾಗ ಮೈ ತಣ್ಣಗಿತ್ತು.”

“ನಿಮ್ಮ ಬೆರಳು...”

“ಅದಕ್ಕೇನು, ಮುದ್ದೆ ಬಲಗೈಲಿ ತಾನೇ ಮುರಿಯೋದು?” ನಕ್ಕರು. ಆಮೇಲೆ ಉಳಿ ಕೆಳಗಿಟ್ಟರು. “ಆ ದಿನ ನಿಲ್ಲಿಸಿದ್ರೆ ಬೆಳಿಗ್ಗೆ ಹೊತ್ತಿಗೆ ಬಾವಿ ಪೂರಾ ಕೂತ್ಕೊಂತಿತ್ತು. ನಾರಾಯಣಮ್ಮಂಗೆ ಮುಖ ನೋಡೋಕೂ ಸಿಗ್ತಿರ್ಲಿಲ್ಲ. ಇನ್ನೊಂದು ಬೆರಳು ಹೋಗಿ ಇನ್ನೊಬ್ಬ ಸತ್ತಿದ್ರೆ ನಿನ್ನನ್ನ ಬೈತಿದ್ದೆ. ಸಾಯ್ಲಿಲ್ಲ. ಹೋಗು, ಆಡ್ಕೋ ಹೋಗು.”

ಅತ್ತೆ ಮಾತ್ರ ಬದುಕಿರುವವರೆಗೂ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು, “ಕೊನೇಗೆ ಹೂಂ ಅಂದ ಅಲ್ವೇನಮ್ಮಿ?” ನನಗೆ ಮದುವೆಯಾಗಿ ಮಕ್ಕಳಾದ ಮೇಲೂ ಕೇಳಿದಳು. “ಅಂದ ಅತ್ತೆ,” ಅನ್ನುತ್ತಲೇ ಬಂದೆ. ಇವತ್ತಿಗೂ ಅದು ಸರಿಯೋ ತಪ್ಪೋ ನನಗೆ ತಿಳಿಯದು. ಓದಿದವರು ಹೇಳಬೇಕು.

ಅಪ್ಪ ಆವತ್ತಿನಿಂದ ಊರಿನ ಯಾವ ಕೆಲಸಕ್ಕೂ ಎರಡು ಪಾಳಿ ಹೋದರು. “ನಂದೊಂದು, ಗಂಗುಲಪ್ಪಂದೊಂದು,” ಅನ್ನುತ್ತಿದ್ದರು. ಊರಲ್ಲಿ ಯಾರೂ ಅದನ್ನು ಮಾಡಬೇಡ ಅನ್ನಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ. ಆಮೇಲೆ ಬೋರುಗಳು ಬಂದವು, ಮನೆ ಮನೆಗೆ ನಲ್ಲಿ ಬಂತು, ಬಾವಿಗಳು ಒಣಗಿ ಕಸ ತುಂಬಿದವು. ತಮಟೆ ನಿಂತಿತು.

ಈಗ ಊರು ಮೂರು ಪಾಲು ಬೆಳೆದಿದೆ. ಜನ ಕೆಟ್ಟವರೇನಲ್ಲ. ಕಾಯಿಲೆ ಅಂದರೆ ಕಾರು ತಂದು ನಿಲ್ಲಿಸುತ್ತಾರೆ, ಸಿಂಧುವಿನಂಥ ಮಕ್ಕಳೂ ಇದ್ದಾರೆ, ಅವರನ್ನು ನೆನೆದರೆ ಈಗಲೂ ನನಗೆ ಸಂತೋಷ ಉಕ್ಕುತ್ತದೆ. ಆದರೆ ಯಾವ ಮನೆಯ ಗಂಡಸು ಇವತ್ತು ಊರಲ್ಲಿಲ್ಲ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಕೇಳಿದರೆ, ನಮ್ಮ ಬೀದಿಯದನ್ನೇ ನಾನು ಹೇಳಲಾರೆ. ಅದು ತಿಳಿಯದೆ ಯಾರ ಪಾಳಿಗೆ ಯಾರು ಇಳಿದಾರು?

ಅಪ್ಪ ತೀರಿಹೋಗುವ ಮುಂಚಿನ ಬೇಸಿಗೆ, ಕಣ್ಣು ಮಂಜಾಗಿದ್ದಾಗ, ಒಂದು ಬೆಳಿಗ್ಗೆ ಕಾಣಲಿಲ್ಲ. ಹುಡುಕಿಕೊಂಡು ಹೋದೆ. ಬತ್ತಿದ ಅದೇ ಬಾವಿಯ ಕಟ್ಟೆಯ ಮೇಲೆ ಗುದ್ದಲಿ ತೊಡೆಗೆ ಒರಗಿಸಿಕೊಂಡು ಕೂತಿದ್ದರು.

“ಏನಪ್ಪಾ ಇಲ್ಲಿ?”

“ಇನ್ನೂ ಯಾರೂ ಬಂದೇ ಇಲ್ವಲ್ಲಮ್ಮಿ,” ಅಂದರು.