ಹೂವಿನ ಮಡಿಯಲ್ಲಿ ಜೋಳ

ನನ್ನ ಹೆಂಡತಿ ತೀರಿಕೊಂಡು ಮೂರು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವಳು ಯಾರ ತಂಟೆಗೂ ಹೋದವಳಲ್ಲ ಎನ್ನುತ್ತಾರೆ. ಹೈದರಾಬಾದಿನ ಉದ್ಯಾನದ ಮಾಲಿ ಬಂದಿದ್ದರೆ ಬೇರೆ ಮಾತು ಹೇಳುತ್ತಿದ್ದ.

ಪೊಲೀಸ್ ಕಾರ್ಯಾಚರಣೆಯ ಮರುವರ್ಷ ನಾನು ಅಲ್ಲಿನ ಒಂದು ಕಚೇರಿಯಲ್ಲಿ ಚಪರಾಸಿಯಾಗಿದ್ದೆ. ಮದುವೆಯಾಗಿ ಅವಳು ಸುರಪುರದ ಕಡೆಯ ಹಳ್ಳಿಯಿಂದ ಬಂದದ್ದು ಮುಂಗಾರಿನಲ್ಲಿ, ಊರಿನವರೆಲ್ಲ ಹೊಲದಲ್ಲಿ ಕಳೆ ತೆಗೆಯುವ ಹೊತ್ತಿಗೆ. ನಮ್ಮದು ಒಂದೇ ಖೋಲಿ. ಕಸಬರಿಗೆ ಹಿಡಿಯುವಷ್ಟರಲ್ಲಿ ಗುಡಿಸುವುದು ಮುಗಿದಿರುತ್ತಿತ್ತು. ಎಂಟನೆಯ ದಿನ ಸೀರೆಗಳ ಗಂಟು ಕಟ್ಟಿಕೊಂಡು ಕೂತಳು. ಹೋದರೆ ತಿರುಗಿ ಬರುವವಳಲ್ಲ ಎಂದು ಮುಖ ನೋಡಿಯೇ ತಿಳಿಯಿತು. ಒಂದು ಸಲ ಉದ್ಯಾನ ನೋಡು, ಆಮೇಲೆ ರೈಲಿಗೆ ಕೂಡಿಸುತ್ತೇನೆ ಎಂದೆ.

ಹಳೆಯ ಸರಕಾರದ ಶುಕ್ರವಾರದ ರಜೆ ಹೋಗಿ ಭಾನುವಾರದ ರಜೆ ಬಂದಿತ್ತು. ಆ ಭಾನುವಾರ ಪಟ್ಟಣವೆಲ್ಲ ಉದ್ಯಾನದಲ್ಲಿ ನೆರೆದಿತ್ತು. ಅವಳು ಹುಲ್ಲು ನೋಡಿ, ಇಷ್ಟು ಮೇವಿದ್ದೂ ಒಂದು ಎಮ್ಮೆಯಿಲ್ಲವೇ ಎಂದು ಕೇಳಿದಳು. ಬೆಂಚುಗಳ ಮೇಲಿನ ಜನರನ್ನು ನೋಡಿ, ಯಾರು ತೀರಿಕೊಂಡಿದ್ದಾರೆ ಎಂದು ವಿಚಾರಿಸಿದಳು. ಹಾಡಹಗಲಲ್ಲಿ ಇಷ್ಟು ಜನ ಸುಮ್ಮನೆ ಕೂತದ್ದನ್ನು ಅವಳು ಸತ್ತವರ ಮನೆ ಮುಂದಷ್ಟೇ ಕಂಡಿದ್ದಳು.

ನಾನು ತಿನ್ನಲು ಪುಟಾಣಿ ಕಡಲೆ ತರುವಷ್ಟರಲ್ಲಿ ಅವಳು ಹೂವಿನ ಮಡಿಗೆ ಇಳಿದಿದ್ದಳು. ಜನ ಪಾರಿವಾಳಗಳಿಗೆ ಎರಚಿದ ಜೋಳ ಅಲ್ಲಿ ನಾಲ್ಕಾರು ಕಡೆ ಮೊಳೆತು ಗೇಣುದ್ದ ಬೆಳೆದಿತ್ತು. ಅದರ ಸುತ್ತಲಿನ ಕಳೆಯನ್ನೆಲ್ಲ ಬೇರುಸಹಿತ ಕಿತ್ತು ಗುಡ್ಡೆ ಹಾಕಿದ್ದಳು. ಆ ಕಳೆ ಎಂದರೆ ಮಾಲಿ ಸಾಕಿಕೊಂಡಿದ್ದ ವಿಲಾಯಿತಿ ಹೂವಿನ ಸಸಿಗಳು.

ಮುದುಕ ಮಾಲಿ ಓಡಿ ಬಂದು ಉರ್ದುವಿನಲ್ಲಿ ಕೂಗಾಡಿದ. ಇವಳು ಸೊಂಟ ನೆಟ್ಟಗೆ ಮಾಡಿ ನಿಂತಳು.

“ಮಾಮಾ, ಜ್ವಾಳದಾಗ ಇಷ್ಟು ಕಸಾ ಬೆಳಸೀರಿ. ನಿಮಗ ಯಾರರೆ ಕೂಲಿ ಕೊಡ್ತಾರೇನ್ರಿ?”

ಮಾತು ತಿಳಿಯದೆ ಅವನು ನನ್ನನ್ನು ನೋಡಿದ. ನಾನು ಪುಟಾಣಿ ಮುಂದೆ ಹಿಡಿದೆ. ತಿನ್ನುತ್ತಲೇ ತೀರ್ಪು ಕೊಟ್ಟ: ಕಿತ್ತ ಸಸಿಗಳನ್ನೆಲ್ಲ ಅವಳೇ ನೆಡಬೇಕು, ಬೇರು ಹಿಡಿಯುವತನಕ ದಿನಾ ಸಂಜೆ ಬಂದು ನೀರು ಹಾಕಬೇಕು. ಅವಳೂ ನನ್ನ ಮೂಲಕ ಒಂದು ಷರತ್ತು ಹಾಕಿದಳು: ಜೋಳಕ್ಕೆ ಯಾರೂ ಕೈ ಹಚ್ಚಬಾರದು. ಖೋಲಿಗೆ ಬಂದು ಗಂಟು ಬಿಚ್ಚುತ್ತ, “ಕಾಳು ಬಲಿತ ಮ್ಯಾಲ ಹೋಗ್ತೀನ್ರಿ,” ಎಂದಳು.

ಕಾಳು ಬಲಿಯುವ ಮೊದಲೇ ಹಕ್ಕಿಗಳು ತಿಂದು ಮುಗಿಸಿದವು. ಅವಳ ಪ್ರಯಾಣ ಮುಂದಿನ ವರ್ಷಕ್ಕೆ ಹೋಯಿತು. ಅಂದಿನಿಂದ ಪ್ರತಿ ಮಳೆಗಾಲ ನಾನು ಡಬ್ಬಿಯಿಂದ ಒಂದು ಹಿಡಿ ಜೋಳ ಜೇಬಿಗೆ ಸುರಿದುಕೊಂಡು, ಕಚೇರಿಗೆ ಹೋಗುವ ದಾರಿಯಲ್ಲಿ ಮಾಲಿಯ ಕಣ್ಣು ತಪ್ಪಿಸಿ ಆ ಮಡಿಗೆ ಎರಚುತ್ತಿದ್ದೆ. ಹಕ್ಕಿಗಳು ಒಂದು ವರ್ಷವೂ ನನ್ನ ಕೈ ಬಿಡಲಿಲ್ಲ.

ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಕಚೇರಿಯ ನೌಕರರನ್ನೂ ಹಂಚಿದರು. ನನ್ನನ್ನು ಯಾದಗಿರಿಗೆ ಹಾಕಿದ ಕಾಗದ ಬಂತು. ತವರಿಗೆ ಹತ್ತಿರವಾಯಿತೆಂದು ಇವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ.

“ಹದಿನೈದು ದಿನಾ ತಡದು ಹೋಗೂಣೇನ್ರಿ? ಜ್ವಾಳ ಇನ್ನಾ ಹಾಲ್ಗಾಳು ಅದ,” ಎಂದಳು.

ಸರಕಾರ ಹದಿನೈದು ದಿನ ಕಾಯಲಿಲ್ಲ. ರೈಲು ವಾಡಿ ದಾಟಿತು. ಆಮೇಲೆ ಅವಳು ನನ್ನ ಕಡೆ ನೋಡದೆ ಹೇಳಿದಳು:

“ಏಳು ವರ್ಷ ನೋಡೀನಿ. ಒಮ್ಮಿಯರೆ ಸಾಲು ಹಿಡದು ಬಿತ್ತಲಿಲ್ಲ ನೀವು.”

ಮೊನ್ನೆ ಮಳೆ ಬಿದ್ದ ಮೇಲೆ ಮನೆ ಮುಂದಿನ ಜಾಗದಲ್ಲಿ ದಾರ ಕಟ್ಟಿ, ಅದರ ಗುಂಟ ಒಂದು ಹಿಡಿ ಜೋಳ ಊರಿದೆ. ಈಗ ಮೊಳಕೆ ಬಂದಿದೆ. ಸಾಲು ಎರಡು ಕಡೆ ಸೊಟ್ಟಗಿದೆ.