ನನ್ನ ನಂಬರಿನ ಕೆಳಗೆ ಬರೆದದ್ದು

ನಂಬರ್ ಬದಲಾಯಿಸಿದ್ದಿದ್ರೆ ಇಷ್ಟೆಲ್ಲಾ ಆಗ್ತಿರಲಿಲ್ಲ ಅಂತ ಬುದ್ಧಿ ಹೇಳೋರಿದ್ದಾರೆ. ಹೇಳೋರ ಗಂಟೇನು ಹೋಗುತ್ತೆ? ನಮ್ಮವ್ವ ಅಣ್ಣನ ಮನೇಲಿದಾಳೆ. ಅಲ್ಲಿ ನನ್ನ ಹೆಸರೆತ್ತೋ ಹಾಗಿಲ್ಲ. ಅವಳು ಪಕ್ಕದ ಮನೆಯೋರ ಫೋನ್ ಇಸ್ಕೊಂಡು, ಬಾಯಿಪಾಠ ಮಾಡಿರೋ ಒಂದೇ ಒಂದು ನಂಬರ್ ಒತ್ತಿ, "ಉಂಡ್ಯಾ ಮಗಾ?" ಅಂತ ಕೇಳ್ತಾಳೆ. ಈ ವಯಸ್ಸಲ್ಲಿ ಅವಳಿಗೆ ಇನ್ನೊಂದು ನಂಬರ್ ಬಾಯಿಪಾಠ ಮಾಡ್ಸೋಕಾಗುತ್ತಾ? ಅದಕ್ಕೇ ಹಳೇ ಕೆಲಸ ಬಿಟ್ಟಾಗ ಮನೆ ಬಿಟ್ಟೆ, ಜನ ಬಿಟ್ಟೆ, ನಂಬರ್ ಮಾತ್ರ ಬಿಡಲಿಲ್ಲ.

ಹಳೇ ಕೆಲಸ ಯಾವುದು ಅಂತ ಮುಚ್ಚಿಡೋಕೆ ನಾನೇನು ಕಳ್ಳತನ ಮಾಡಿಲ್ಲ. ಎಸ್ಕಾರ್ಟ್ ಅಂತ ಈಗ ನಾಜೂಕಾಗಿ ಹೇಳ್ತಾರಲ್ಲ, ಅದು. ಒಂದು ವೆಬ್‌ಸೈಟಲ್ಲಿ ನನ್ನದೊಂದು ಪುಟ ಇತ್ತು. ಹೆಸರು ಸುಳ್ಳು, ನಂಬರ್ ನಿಜ. ಬಂದುಹೋದ ಗಂಡಸರು ಅದರ ಕೆಳಗೆ ರಿವ್ಯೂ ಬರೀತಿದ್ರು, ಸ್ಟಾರ್ ಕೊಡ್ತಿದ್ರು. ನಾನು ಬಿಟ್ಟು ಎಷ್ಟೋ ವರ್ಷ ಆದ್ರೂ ಅವು ಹಾಗೇ ಇದ್ವು. ಹೋಟ್ಲು ಮುಚ್ಚಿದ ಮೇಲೂ ದೋಸೆ ಸರಿಯಿರಲಿಲ್ಲ ಅಂತ ಗೋಡೆ ಮೇಲೆ ಬರೆದಿಡ್ತಾರಾ? ಇಡ್ತಾರೆ, ಹೆಂಗಸಾದ್ರೆ ಇಡ್ತಾರೆ.

ಒಂಟಿಕೊಪ್ಪಲ್ಲಿನ ಒಂದು ಮನೆಯ ಹಿಂದಿನ ಔಟ್‌ಹೌಸಲ್ಲಿ ನಾನು ಬಾಡಿಗೆಗಿದ್ದು ಸೀರೆಗೆ ಕುಚ್ಚು ಕಟ್ತಿದ್ದೆ. ಗೇಟಿನ ಮೇಲೆ ಪುಟ್ಟ ಬೋರ್ಡು, ಅದರಲ್ಲಿ ಅದೇ ನಂಬರ್. ನನ್ನದೊಂದು ಪದ್ಧತಿ ಇತ್ತು. ಧಾರೆ ಸೀರೆ ಬಂದ್ರೆ ಮೊದಲನೇ ಗಂಟು ನಾನು ಹಾಕ್ತಿರಲಿಲ್ಲ. ಮದುವೆ ಮನೆ ಹೆಂಗಸರ ಕೈಲೇ ಹಾಕಿಸ್ತಿದ್ದೆ. ಅವರಿಗೆ ಖುಷಿ, ನನಗೂ ಒಂಥರಾ ಸಮಾಧಾನ. ಮನೆಯ ಯಜಮಾನಿ ತಮ್ಮ ಮಗಳ ಧಾರೆ ಸೀರೆಗೂ ನನ್ನ ಮುಂದೆ ಕೂತು ಮೊದಲ ಗಂಟು ಹಾಕಿ, "ಏನ್ ಚೆಂದ ಕಟ್ತೀಯೇ ನೀನು" ಅಂದ್ರು. ಆ ಹೊಗಳಿಕೆಗೆ ಉಬ್ಬಿಹೋಗಿ ನಾನೇ ನನ್ನ ಕಾಲಿಗೆ ಕೊಡಲಿ ಹಾಕ್ಕೊಂಡೆ. "ಅಕ್ಕಾ, ಫೋನಲ್ಲಿ ನನ್ನ ಅಂಗಡಿಗೆ ಒಂದು ಒಳ್ಳೇ ರಿವ್ಯೂ ಹಾಕಿ" ಅಂದುಬಿಟ್ಟೆ. ಆ ಪುಣ್ಯಾತಗಿತ್ತಿ ಅಂಗಡಿ ಹೆಸರು ಹಾಕೋ ಬದಲು ನಂಬರ್ ಹಾಕಿ ಹುಡುಕಿದ್ರು.

ಮಧ್ಯಾಹ್ನ ಫೋನ್ ಹಿಡ್ಕೊಂಡು ಬಾಗಿಲಲ್ಲಿ ಬಂದು ನಿಂತ್ರು. ಯಾವತ್ತೂ "ಏನೇ, ಕಾಫಿ ಆಯ್ತೇನೇ" ಅಂತಿದ್ದೋರು, "ಇದು ನೀವೇನಾ?" ಅಂದ್ರು. ಆ "ನೀವು" ಕೇಳಿಯೇ ನನಗೆ ಗೊತ್ತಾಗೋಯ್ತು. ನನಗೆ ಹೆದರಿಕೆಯಾದ್ರೆ ಅಳು ಬರಲ್ಲ, ಸಿಟ್ಟು ಬರುತ್ತೆ. ಹಾಳು ಸ್ವಭಾವ.

"ಹೂಂ, ನಾನೇ. ಪೂರ್ತಿ ಓದಿದ್ರಾ? ಓದಿ. ಗಟ್ಟಿಯಾಗೇ ಓದಿ" ಅಂದೆ.

ಅವರೂ ಬಿಸಿಯಲ್ಲೇ ಇದ್ರು, ಶುರು ಮಾಡಿದ್ರು. "'ಫೋಟೋಗಿಂತ ಕಪ್ಪು.' 'ಟೈಮಿಗೆ ಸರಿಯಾಗಿ ಬರ್ತಾಳೆ.' 'ನಗು ಇಲ್ಲ, ಮುಖ ಗಂಟಿಕ್ಕೊಂಡಿರ್ತಾಳೆ.'" ಆಮೇಲೆ ಎರಡು ಸ್ಟಾರಿನದ್ದು ಬಂತು. "'ಬೇಡ ಬೇಡ ಅಂತ ಅಳ್ತಾನೇ ಇದ್ಲು. ದುಡ್ಡು ಕೊಟ್ಟಿದೀನಿ, ನಾನ್ಯಾಕೆ...'" ಅಲ್ಲಿಗೆ ಅವರ ದನಿ ನಿಂತಿತು. ಮುಂದಿನ ಸಾಲು ನನಗೆ ಗೊತ್ತಿತ್ತು. ಅವನು ಬಿಡಲಿಲ್ಲ.

ಸೆರಗಲ್ಲಿ ಬಾಯಿ ಒರೆಸ್ಕೊಂಡು, ನನ್ನ ಮುಖ ನೋಡದೆ ಹೇಳಿದ್ರು: "ಮದುವೆ ಮನೆ ಕಣ್ರೀ ಇದು. ಬೀಗರ ಕಣ್ಣಿಗೆ ಬಿದ್ರೆ ನನ್ನ ಮಗಳ ಗತಿ? ಇದನ್ನ ತೆಗೆಸಿಬಿಡಿ. ತೆಗೆಸಿದ್ರೆ ಇಲ್ಲೇ ಇರಿ, ನಾನೇನೂ ನೋಡಿಲ್ಲ ಅನ್ಕೋತೀನಿ. ನಾಳೆ ಸಂಜೆಯೊಳಗೆ ಆಗಬೇಕು. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇರೆಯೋರಾಗಿದ್ರೆ ಅವತ್ತೇ ಬೀದಿಗೆ ಎಸೀತಿದ್ರು.

ಆ ಸೈಟಿನೋರಿಗೆ ರಾತ್ರಿನೇ ಬರೆದೆ. ಹಿಂದೆ ಎಷ್ಟು ಸಲ ಬರೆದ್ರೂ ಪಿಟ್ಟೆನ್ನದವರು, ಈ ಸಲ ಯಾವ ದೇವರು ಕಣ್ಬಿಟ್ಟನೋ, ಬೆಳಿಗ್ಗೆಗೆಲ್ಲಾ ಉತ್ತರ ಕೊಟ್ಟಿದ್ರು. ಪುಟ ತೆಗೀತೀವಿ, ತೆಗೆದ್ರೆ ಎಲ್ಲಾ ರಿವ್ಯೂನೂ ಹೋಗುತ್ತೆ, ಒಪ್ಪಿಗೆ ಇದ್ರೆ ಈ ಬಟನ್ ಒತ್ತಿ. ಅಬ್ಬಾ, ನನ್ನೆದೆ ಹಗುರಾಯ್ತು. ಒತ್ತೋಕೆ ಮುಂಚೆ ಖುಷಿ ಹಂಚ್ಕೊಳ್ಳೋಣ ಅಂತ ಅಶೋಕಪುರಂನಲ್ಲಿರೋ ಗೆಳತಿಗೆ ಫೋನ್ ಮಾಡಿದೆ. ಅವಳು ಇನ್ನೂ ಆ ಕೆಲಸದಲ್ಲೇ ಇದಾಳೆ.

"ಒತ್ಬುಟ್ಯಾ?" ಅಂದ್ಲು.

"ಇಲ್ಲ, ಈಗ."

"ಒತ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ."

ಆ ಎರಡು ಸ್ಟಾರಿನವನು ಈಗಲೂ ಅದೇ ಅಡ್ಡಹೆಸರಲ್ಲಿ ಹೆಂಗಸರನ್ನ ಕರೀತಾನಂತೆ. "ಹೊಸಬರಿಗೆ ನಾವು ಬಾಯಲ್ಲಿ ಹೇಳಿದ್ರೆ ನಂಬಲ್ಲ. ಗಿರಾಕಿ ಕಿತ್ಕೊಳ್ಳೋಕೆ ಹಿಂಗಂತಾರೆ ಅಂತಾರೆ. ಅವನೇ ಕೈಯಾರೆ ಬರ್ದಿರೋದು ಅದೊಂದೇ. ಅದನ್ನ ತೋರ್ಸಿದ್ರೆ ಬಾಯ್ಮುಚ್ಕೊಂಡು ಮನೇಲಿರ್ತಾರೆ."

"ಫೋಟೋ ತೆಗೆದಿಟ್ಕೋ!"

"ಇಟ್ಕೊಂಡಿದೀನಿ. ಇಂಥ ಸುಳ್ಳು ಫೋಟೋ ಯಾರು ಬೇಕಾದ್ರೂ ಮಾಡ್ತಾರೆ ಅಂದ್ರೆ ಏನ್ ಹೇಳ್ಲಿ?"

ನಾನು ಕಿರುಚಾಡಿದೆ. ನಿನಗೇನೇ, ಬೀದಿಗೆ ಬೀಳೋಳು ನಾನು ತಾನೇ? ನನ್ನ ಅಳುನ ಅವನು ಮಾರಿಕೊಂಡಿದ್ದು ಸಾಲದೇ, ನೀವೂ ಅದನ್ನ ಬೋರ್ಡ್ ಮಾಡ್ಕೊಂಡು ತೋರ್ಸಬೇಕಾ? ಅವಳು ಎಲ್ಲಾ ಕೇಳಿಸ್ಕೊಂಡ್ಲು. ಕೊನೆಗೆ, "ನಿನ್ನಿಷ್ಟ ಕಣೇ. ನಿಂದು ತಪ್ಪು ಅನ್ನಲ್ಲ" ಅಂದು ಫೋನಿಟ್ಲು. ಅವಳು ಜಗಳ ಆಡಿದ್ದಿದ್ರೆ ನಾನು ಆ ಕ್ಷಣವೇ ಒತ್ತಿಬಿಡ್ತಿದ್ದೆ.

ಅವತ್ತು ಇಡೀ ಹಗಲು ಫೋನ್ ಒಂದು ತೊಡೆ ಮೇಲೆ, ಧಾರೆ ಸೀರೆ ಇನ್ನೊಂದು ತೊಡೆ ಮೇಲೆ. ಗಂಟು ಕಟ್ತೀನಿ, ಬಿಚ್ಚಿಹೋಗುತ್ತೆ. ಬಟನ್ ಮೇಲೆ ಬೆರಳಿಡ್ತೀನಿ, ತೆಗೀತೀನಿ. ಒಂದು ಸಲ ಯೋಚನೆ ಬಂತು: ಅವನ ಮನೆಗೆ ನಾನು ಹೋಗೋ ಮುಂಚೆ ಯಾರಾದ್ರೂ ನನಗೆ ಇಂಥದ್ದೊಂದು ಸಾಲು ತೋರಿಸಿದ್ದಿದ್ರೆ? ಆಗ ಮಾತ್ರ ಅಳು ಬಂತು, ಬಾಯಿಗೆ ಸೆರಗು ತುರುಕ್ಕೊಂಡು ಅತ್ತೆ.

ಸಂಜೆ ಯಜಮಾನಿ ಬಂದ್ರು. "ಆಯ್ತಾ?"

"ಇಲ್ಲ ಅಕ್ಕಾ. ತೆಗೆಸಲ್ಲ."

"ನಿಂಗೇನು ತಲೆ ಕೆಟ್ಟಿದ್ಯೇನೇ?" ಅಂದ್ರು. ಹೇಳಿದೆ, ಯಾಕೆ ಅಂತ. ಅವರ ಕಣ್ಣಲ್ಲಿ ನೀರಾಡಿತು, ಸುಳ್ಳು ಹೇಳಲ್ಲ. ಆದ್ರೂ ಅರ್ಧ ಕಟ್ಟಿದ್ದ ಸೀರೆನ ಮಡಚಿ ಕಂಕುಳಲ್ಲಿಟ್ಕೊಂಡ್ರು. "ನಂಗೂ ಮಗಳಿದಾಳೆ ಕಣೇ" ಅಂದು ಹೊರಟುಹೋದ್ರು. ಅವರು ಹೋದ ಮೇಲೆ ನಾನು ಆ ಎರಡು ಸ್ಟಾರಿನ ಕೆಳಗೆ ಬರೆದೆ: 'ಅವಳು ನಾನೇ. ಬೇಡ ಅಂದಿದ್ದು ನಿಜ. ಇವನು ಕರೆದ್ರೆ ಹೋಗಬೇಡಿ.'

ಈಗ ಮಂಡಕಳ್ಳಿ ಕಡೆ ಒಂದು ರೂಮು. ವಿಮಾನ ಇಳಿಯೋವಾಗ ಕಿಟಕಿ ಗಡಗಡ ಅನ್ನುತ್ತೆ. ಕುಚ್ಚಿನ ಕೆಲಸ ಕಮ್ಮಿ. ಬೋರ್ಡಲ್ಲಿ ಅದೇ ನಂಬರ್. ಆ ಪುಟ ನೋಡಿ ಆಗಾಗ ಯಾರಾದ್ರೂ ಗಂಡಸು ಫೋನ್ ಮಾಡ್ತಾನೆ, ಅವನ ಏಳು ತಲೆಮಾರು ಜಾಲಾಡಿ ಇಡ್ತೀನಿ. ಒಂದೊಂದು ದಿನ ಒಂಟಿಕೊಪ್ಪಲ್ಲಿನ ಆ ಬಾಗಿಲು ನೆನೆದು ಹೊಟ್ಟೆ ಉರಿಯುತ್ತೆ. ಯಾರ ಉದ್ಧಾರಕ್ಕೆ ಮಾಡಿದ್ನಪ್ಪಾ ಅನ್ಸುತ್ತೆ.

ಮೊನ್ನೆ ಮಧ್ಯಾಹ್ನ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಬೈಯೋಕೆ ಬಾಯಿ ತೆಗೆದೆ. ಹೆಂಗಸಿನ ದನಿ, ಪಿಸುಗುಟ್ತಿತ್ತು.

"ಅಕ್ಕಾ, ರಿವ್ಯೂ ಕೆಳಗೆ ಬರೆದಿರೋರು ನೀವೇನಾ?"

"ಹೂಂ. ಯಾರಮ್ಮ?"

"ಅವನು ಕೆಳಗೆ ಕಾರಲ್ಲಿದಾನೆ. ಹಾರ್ನ್ ಹೊಡೀತಿದಾನೆ. ಹೋಗ್ಲಾ ಬೇಡ್ವಾ?"

ಹಾರ್ನ್ ನನಗೂ ಕೇಳಿಸ್ತು. ಕೈಲಿದ್ದ ಸೂಜಿ ಎಲ್ಲಿ ಬಿತ್ತೋ.

"ಬೇಡ ಕಣಮ್ಮ. ಬಾಗ್ಲು ಹಾಕ್ಕೊ. ಚಿಲಕ ಹಾಕ್ದಾ? ಹಾಕು. ಅವನು ಹೋಗೋವರ್ಗೂ ಫೋನಿಡಬೇಡ, ನಾನಿಲ್ಲೇ ಇದೀನಿ."